ಕ್ವಾಲಿಟಿ ಸೆಕ್ಷನ್ನಿನ ಬೋರಮ್ಮ

ಗುರುಪ್ರಸಾದ ಅವರು ಓದಬೇಕಿದ್ದ ಹಾಳೆಯನ್ನು ಫ್ಯೂನರಲ್ ಹೋಮಿನ ಪಾರ್ಕಿಂಗಿನಲ್ಲಿ ಕಾರಿನ ಬಾನೆಟ್ಟಿನ ಮೇಲಿಟ್ಟು ವಾಣಿಶ್ರೀ ತಿದ್ದುತ್ತಿದ್ದಳು. ಗಾಳಿಗೆ ಹಾರದಂತೆ ಎಡಗೈಯಿಂದ ಒತ್ತಿ ಹಿಡಿದಿದ್ದಳು. ಒಳಗೆ ಅವಳ ತಾಯಿ ಬೋರಮ್ಮನವರನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಹೂವು ಜೋಡಿಸುತ್ತಿದ್ದರು. ಹನ್ನೊಂದಕ್ಕೆ ಕಾರ್ಯಕ್ರಮ, ಒಂದಕ್ಕೆ ದಹನ. ಇಲ್ಲಿ ಸಾವಿಗೂ ಸ್ಲಾಟು ಬುಕ್ ಮಾಡಬೇಕು. ಸ್ವಲ್ಪ ತಡವಾದರೂ ಮುಂದಿನ ಹೆಣದ ಕಡೆಯವರು ಬಾಗಿಲಲ್ಲಿ ಬಂದು ನಿಂತಿರುತ್ತಾರೆ.

ಗುರುಪ್ರಸಾದ ಅಮೆರಿಕದ ಬೇ ಏರಿಯಾ ಕನ್ನಡ ಕೂಟದ ಹಿರಿಯರು. ನೆವಾರ್ಕಿನಿಂದ ಮಿಲ್ಪಿಟಾಸಿನವರೆಗೆ ಯಾರ ಮನೆಯಲ್ಲಿ ಗೃಹಪ್ರವೇಶವಾದರೂ, ಯಾರ ಮನೆಯಲ್ಲಿ ಸಾವಾದರೂ ನಾಲ್ಕು ಮಾತು ಅವರೇ ಆಡಬೇಕು ಎಂಬುದು ರೂಢಿಯಾಗಿಬಿಟ್ಟಿತ್ತು. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಹಾಳೆಯ ಮೇಲೆ ಬಗ್ಗಿದರು.

"ವಾಣಿ, ಅಮ್ಮ ಕಾಫಿ ಬೋರ್ಡಲ್ಲಿ ಯಾವ ಪೋಸ್ಟಲ್ಲಿದ್ರು ಅಂತ ನೀನು ಬರೆದೇ ಇಲ್ವಲ್ಲಮ್ಮ."

"ಆಫೀಸರ್ ಅಂತ ಓದಿ ಅಂಕಲ್, ಸಾಕು."

"ಬರೀ ಆಫೀಸರ್ ಅಂದ್ರೆ ಸಪ್ಪೆ ಆಗುತ್ತೆ. ಯಾವ ಸೆಕ್ಷನ್ನು?"

"ಕ್ವಾಲಿಟಿ" ಎಂದಳು ವಾಣಿಶ್ರೀ. ಅದನ್ನು ಬರೆಯುವಾಗ ಪೆನ್ನು ಹಾಳೆಯನ್ನು ತೂತು ಮಾಡಿತು.

ಅದು ಸುಳ್ಳು. ಬೋರಮ್ಮ ಕಾಫಿ ಬೋರ್ಡಿನ ಆಫೀಸಿನ ಮೆಟ್ಟಿಲನ್ನೂ ಹತ್ತಿದವರಲ್ಲ. ತೋಟಗಳಿಂದ ಬಂದ ಕಾಫಿ ಬೀಜವನ್ನು ಹದ ಮಾಡುವ ಹಾಸನದ ಒಂದು ಕ್ಯೂರಿಂಗ್ ಕಾರ್ಖಾನೆಯಲ್ಲಿ, ಉದ್ದ ಶೆಡ್ಡಿನ ನೆಲದ ಮೇಲೆ ಸಾಲಾಗಿ ಕೂತ ಹೆಂಗಸರ ನಡುವೆ ಇಪ್ಪತ್ತೆಂಟು ವರ್ಷ ಕೂತು ಕೆಟ್ಟ ಕಾಳು ಆರಿಸಿದವರು. ಕರಿ ಕಾಳು, ಒಡಕು ಕಾಳು, ಹುಳು ತಿಂದ ಕಾಳು ಒಂದು ಕಡೆ, ಒಳ್ಳೆಯದು ಇನ್ನೊಂದು ಕಡೆ. ಈ ದೇಶದಲ್ಲಿ ಇದು ಗೊತ್ತಿದ್ದವರು ವಾಣಿಶ್ರೀಯ ಲೆಕ್ಕದಲ್ಲಿ ಒಬ್ಬಳೇ, ಅವಳೇ. ಹದಿನೆಂಟು ವರ್ಷ ಜೊತೆಗಿದ್ದ ಗಂಡ ಯತೀಶನಿಗೂ ಹೇಳಿರಲಿಲ್ಲ. ಇವತ್ತು ಇನ್ನೆರಡು ಗಂಟೆ ಕಳೆದರೆ ಮುಗಿಯಿತು, ಆಮೇಲೆ ಯಾರೂ ಕೇಳುವುದಿಲ್ಲ. ತಾಯಿ ಸುಳ್ಳು ಹೆಸರಿನಲ್ಲೇ ಸುಟ್ಟು ಹೋಗುತ್ತಾಳೆ.

*

ಸುಳ್ಳು ಹುಟ್ಟಿದ್ದು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ. ಮೊದಲ ವಾರವೇ ರೂಮಿನ ಹುಡುಗಿಯೊಬ್ಬಳು "ನಿಮ್ಮಮ್ಮ ಏನ್ಮಾಡ್ತಾರೆ?" ಎಂದು ಕೇಳಿದಳು. ಅವಳ ಅಪ್ಪನಿಗೆ ನೂರಿಪ್ಪತ್ತು ಎಕರೆ ಕಾಫಿ ತೋಟ. ಅದೇ ತೋಟದ ಬೀಜ ಆ ಹೊತ್ತಿನಲ್ಲಿ ತನ್ನ ತಾಯಿಯ ಮುಂದೆ ರಾಶಿ ಬಿದ್ದಿರಬಹುದು ಎನ್ನುವುದು ವಾಣಿಶ್ರೀಗೆ ಹೊಳೆದು ಕಿವಿ ಬಿಸಿಯಾಯಿತು. "ಕಾಫಿ ಬೋರ್ಡಲ್ಲಿ" ಎಂದುಬಿಟ್ಟಳು.

ಸುಳ್ಳಿಗೂ ಬಡ್ತಿ ಸಿಗುತ್ತದೆ. ಹಾಸ್ಟೆಲಿನಲ್ಲಿ ಗುಮಾಸ್ತೆಯಾಗಿದ್ದ ಬೋರಮ್ಮ, ಯತೀಶನ ಪರಿಚಯವಾಗುವ ಹೊತ್ತಿಗೆ ಆಫೀಸರಾಗಿದ್ದರು. ಯತೀಶ ಉಡುಪಿಯವನು, ತಂದೆ ರಾಮನಾಥ ಬ್ಯಾಂಕ್ ಮ್ಯಾನೇಜರು. ಅಂಥ ಮನೆಯವರ ಮುಂದೆ ಕೂಲಿ ಎಂಬ ಪದ ವಾಣಿಶ್ರೀಯ ನಾಲಿಗೆಗೆ ಬರಲಿಲ್ಲ.

ಮದುವೆ ಮಾತುಕತೆಗೆ ಅವರು ಹಾಸನಕ್ಕೆ ಬಂದರು. ಹೋಟೆಲಿನ ಹಾಲಿನಲ್ಲಿ ಎರಡೂ ಕಡೆಯವರು ಎದುರುಬದುರು ಕೂತಿದ್ದರು. ತಾಯಿಗೆ ಮುಂಚೆಯೇ ಹೇಳಿಬಿಡಬೇಕು ಎಂದು ಮೂರು ದಿನದಿಂದ ಅಂದುಕೊಂಡಿದ್ದ ವಾಣಿಶ್ರೀಗೆ ಬಾಯೇ ಬಂದಿರಲಿಲ್ಲ. ಯತೀಶನ ತಾಯಿ ಜಯಂತಿಯವರು ಸಹಜವಾಗಿ ಕೇಳಿದರು:

"ಬೋರ್ಡಿನಲ್ಲಿ ನೀವು ಯಾವ ಸೆಕ್ಷನ್ನು?"

ಬೋರಮ್ಮ ಮಗಳ ಮುಖ ನೋಡಿದರು. ಅಲ್ಲಿ ಅವರಿಗೆ ಏನು ಕಂಡಿತೋ, ತಡವರಿಸದೆ, ಕೈಯಲ್ಲಿದ್ದ ಲೋಟ ಕೆಳಗಿಡದೆ ಹೇಳಿದರು.

"ಕ್ವಾಲಿಟಿ ಸೆಕ್ಷನ್ನು."

ವಾಪಸ್ ಬರುವಾಗ ಆಟೋದಲ್ಲಿ ವಾಣಿಶ್ರೀ ಬೈಗುಳಕ್ಕೆ ಕಾದು ಕೂತಿದ್ದಳು. ಮನೆ ಹತ್ತಿರ ಬಂದಾಗ ಬೋರಮ್ಮ ಅಂದದ್ದು ಇಷ್ಟೇ.

"ಒಂದು ಮಾತು ಮುಂಚೇನೇ ಹೇಳಿದ್ರೆ ಕನ್ನಡಕನಾದ್ರೂ ಹಾಕ್ಕಂಡು ಬತ್ತಿದ್ನಲ್ಲವ್ವ."

*

ನಲವತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದ ಫ್ಯೂನರಲ್ ಹೋಮಿನ ಹಾಲಿನಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಅರ್ಧಕ್ಕರ್ಧ ಮುಖಗಳು ವಾಣಿಶ್ರೀಗೆ ಗೊತ್ತೇ ಇರಲಿಲ್ಲ. ಮಿಲ್ಪಿಟಾಸಿನಲ್ಲಿ ಕಾಫಿ ಬೀಜ ಹುರಿದು ಮಾರುವ ಅಂಗಡಿಯ ಹೆಕ್ಟರ್ ಕಪ್ಪು ಕೋಟು ಹಾಕಿಕೊಂಡು, ತನ್ನ ಕೆಲಸದವರನ್ನೆಲ್ಲ ಕರೆದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದ. ಗುರುವಾರ ಬೆಳಗ್ಗೆ ಅವನ ಅಂಗಡಿ ಮುಚ್ಚಿದ್ದು ಅದೇ ಮೊದಲು.

ಒಬ್ಬೊಬ್ಬರೇ ಹತ್ತಿರ ಬಂದು ಕೈ ಹಿಡಿದು ಮಾತಾಡಿಸಿದರು. ಎಲ್ಲರ ಮಾತೂ ಸುತ್ತಿ ಬಳಸಿ ಕಾಫಿಗೇ ಬಂದು ನಿಲ್ಲುತ್ತಿತ್ತು.

"ನನ್ನ ಹೆಸ್ರು ಮಂಜುನಾಥ ಅಂತ ಮೇಡಂ, ನಿಮಗೆ ಗೊತ್ತಿರಲ್ಲ," ಎಂದ ಒಬ್ಬ, ನೆವಾರ್ಕಿನ ಕಾರು ಕಂಪನಿಯಲ್ಲಿ ಕೆಲಸದವನು. "ಪಕ್ಕದ್ಮನೆಯವ್ರ ಜೊತೆ ಮಾತು ಬಿಟ್ಟು ಒಂದು ವರ್ಷ ಆಗಿತ್ತು. ಒಂದು ಒಳ್ಳೆ ಕಾಫಿ ಬ್ಯಾಗು ಗಿಫ್ಟ್ ಕೊಟ್ಟು ಸರಿ ಮಾಡ್ಕೊಳ್ಳೋಣ ಅಂತ ಹೆಕ್ಟರ್ ಅಂಗಡೀಲಿ ಕೂರ್ತಿದ್ದ ಅಮ್ಮನ ಹತ್ರ ಹೋದೆ. ತಪ್ಪು ಯಾರ್ದು ಅಂತ ಕೇಳಿದ್ರು. ನಂದೇ ಅಂದೆ. ಹಂಗಾದ್ರೆ ದುಬಾರಿದು ತಗೋಬೇಡ, ದುಡ್ಡಲ್ಲಿ ಬಾಯಿ ಮುಚ್ಚಿಸ್ತಾವ್ನೆ ಅನ್ಕೋತಾರೆ, ಮಧ್ಯಮದ್ದು ತಗೊ, ಚೆನ್ನಾಗಿ ಆರಿಸಿದ್ದು ತಗೊ ಅಂದ್ರು."

"ಸರಿಹೋಯ್ತಾ?" ಎಂದು ಯತೀಶ ಕೇಳಿದ.

"ಹೊರಗಡೆ ನಿಂತವ್ರೆ ಸರ್, ಪಕ್ಕದ್ಮನೆಯವ್ರು. ಅವ್ರೇ ಡ್ರೈವ್ ಮಾಡ್ಕೊಂಡು ಬಂದ್ರು."

ಅವನ ಹಿಂದಿದ್ದ ಕುಬೇರಪ್ಪ ಗಂಟಲು ಸರಿಮಾಡಿಕೊಂಡರು. ಬೇ ಏರಿಯಾದ ಕನ್ನಡಿಗರು ಒಬ್ಬರೂ ಬಿಡದೆ ಮಾಡುವ ತಪ್ಪೊಂದಿದೆ. ಅಂಗಡಿಯಲ್ಲಿ ಎಲ್ಲಕ್ಕಿಂತ ದುಬಾರಿಯ, ಹದವಾಗಿಯೂ ಹುರಿಯದ, ಹಣ್ಣಿನ ಹುಳಿಯಿರುವ ಬೀಜ ಕೊಂಡು ಊರಿಗೆ ಹೊರುವುದು. ಊರಿನವರು ಅದಕ್ಕೆ ದಂಡಿಯಾಗಿ ಹಾಲು ಸುರಿದು, ಕುಡಿದು, ಮುಖ ಹುಳಿ ಮಾಡಿಕೊಂಡು, ಆದರೂ ಬಹಳ ಚೆನ್ನಾಗಿದೆ ಎನ್ನುವುದು. ಕುಬೇರಪ್ಪನವರೂ ಹೊರಟಿದ್ದರಂತೆ.

"ಅಮ್ಮ ತಡೆದ್ರು. ನಿಮ್ಮಪ್ಪಾರು ಬೆಲ್ಲ ಹಾಕ್ಕಂಡು ಕುಡಿಯೋರು, ಇದನ್ನ ಕೊಟ್ರೆ ಮಗಂಗೆ ಅಮೆರಿಕದಲ್ಲಿ ಏನೋ ಕಷ್ಟ ಬಂದದೆ ಅನ್ಕತಾರೆ, ಅಂದ್ರು. ಬೇರೆ ಆರಿಸಿ ಕೊಟ್ರು. ನಮ್ಮಪ್ಪ ಸಾಯೋವರ್ಗೂ ಅದನ್ನೇ ತರಿಸ್ಕೊಂಡ."

ವಾಣಿಶ್ರೀ ತಲೆಯಾಡಿಸುತ್ತ ನಿಂತಿದ್ದಳು. ಗುರುವಾರಗಳಲ್ಲಿ ತಾಯಿ ಹೊತ್ತು ಕಳೆಯಲು ಆ ಅಂಗಡಿಗೆ ಹೋಗುತ್ತಾಳೆ ಎಂದಷ್ಟೇ ಅವಳು ತಿಳಿದಿದ್ದಳು. ಹೊತ್ತು ಕಳೆಯುವವರ ಸಾವಿಗೆ ಇಷ್ಟು ಜನ ಬರುವುದಿಲ್ಲ.

*

ಅಂಗಡಿಯ ನಂಟು ಶುರುವಾದದ್ದು ಬೋರಮ್ಮ ಅಮೆರಿಕಕ್ಕೆ ಮಗಳ ಮನೆಗೆ ಬಂದ ಮೇಲೆ, ಮೊಮ್ಮಗಳು ನಿಸರ್ಗಾ ಮೂರನೇ ಕ್ಲಾಸಿನಲ್ಲಿದ್ದಾಗ. ಶಾಲೆ ಮುಗಿಯುವ ವಾರ ಟೀಚರಿಗೆ ಗಿಫ್ಟ್ ಕೊಡಬೇಕು. ಟೀಚರಿಗೆ ಕಾಫಿ ಎಂದರೆ ಪ್ರಾಣ. ವಾಣಿಶ್ರೀ ಮಗಳನ್ನೂ ತಾಯಿಯನ್ನೂ ಕೂರಿಸಿಕೊಂಡು ಮೀಟಿಂಗುಗಳ ನಡುವೆ ಹೆಕ್ಟರನ ಅಂಗಡಿಗೆ ಓಡಿದಳು. ಕಪಾಟಿನ ತುಂಬ ಇಥಿಯೋಪಿಯಾ, ಕೀನ್ಯಾ, ಗ್ವಾಟೆಮಾಲಾ ಎಂದು ಬರೆದ ಬ್ಯಾಗುಗಳು. ಒಂದೇ ಸೀಮೆಯ ಬೀಜ, ಕೆಲವಂತೂ ಒಂದೇ ತೋಟದ್ದು, ಇನ್ನೊಂದರ ಜೊತೆ ಬೆರೆಸಿದ್ದಲ್ಲ. ಇಲ್ಲಿ ಅದಕ್ಕೆ ಸಿಂಗಲ್ ಒರಿಜಿನ್ ಎನ್ನುತ್ತಾರೆ, ಬೆಲೆಯೂ ಹಾಗೇ.

ವಾಣಿಶ್ರೀ ಎಲ್ಲಕ್ಕಿಂತ ದುಬಾರಿಯದನ್ನು ತೆಗೆದುಕೊಂಡಳು. ಬೋರಮ್ಮ ಅದನ್ನು ಕೈಯಿಂದ ತೆಗೆದುಕೊಂಡು ಮೂಸಿ, "ಒಂದು ತಟ್ಟೆ ಕೊಡಿಸು ಮಗ" ಎಂದು ನಿಸರ್ಗಾಗೆ ಹೇಳಿದರು.

ಹೆಕ್ಟರ್ ನಗುತ್ತಲೇ ತಟ್ಟೆ ತಂದು ಒಂದು ಹಿಡಿ ಬೀಜ ಸುರಿದ. ಬೋರಮ್ಮ ಅಂಗೈಯಿಂದ ಹರವಿದರು. ಆಮೇಲೆ ಹೆಬ್ಬೆರಳು ತೋರುಬೆರಳು ಎರಡೇ ಆಡಿದವು. ಅವರು ತಟ್ಟೆಯನ್ನು ನೋಡುತ್ತಲೂ ಇರಲಿಲ್ಲ, ಹೆಕ್ಟರನ ಮುಖ ನೋಡುತ್ತಿದ್ದರು. ಎರಡು ನಿಮಿಷದಲ್ಲಿ ತಟ್ಟೆಯ ಅಂಚಿಗೆ ಹದಿನೇಳು ಬಿಳಿಚಿದ ಕಾಳು ಬಂದು ಕೂತಿದ್ದವು.

"ಎಳಸು," ಎಂದರು ಬೋರಮ್ಮ. "ಹಣ್ಣಾಗೋಕ್ಮುಂಚೆ ಕಿತ್ತವ್ರೆ. ಎಷ್ಟು ಹುರಿದ್ರೂ ಬಣ್ಣ ಬರಲ್ಲ. ಕುಡಿದ್ರೆ ಕಡ್ಲೆಕಾಯಿ ಸಿಪ್ಪೆ."

ನಿಸರ್ಗಾ ಇಂಗ್ಲಿಷಿನಲ್ಲಿ ಹೇಳಿದಳು. ಹೆಕ್ಟರ್ ಒಂದು ಕಾಳು ಬಾಯಿಗೆ ಹಾಕಿಕೊಂಡು ಅಗಿದ, ನಗು ನಿಲ್ಲಿಸಿದ, ಆ ಬ್ಯಾಗುಗಳ ಸಾಲನ್ನೇ ಕಪಾಟಿನಿಂದ ಇಳಿಸಿದ. ಇವರು ಇದನ್ನು ಕಲಿತದ್ದು ಎಲ್ಲಿ ಎಂದು ಕೇಳಿದ. ನಿಸರ್ಗಾ ಬಾಯಿ ತೆರೆಯುವ ಮೊದಲೇ ವಾಣಿಶ್ರೀ, ಅಮ್ಮ ಕಾಫಿ ಬೋರ್ಡಿನಲ್ಲಿ ಆಫೀಸರಾಗಿದ್ದರು ಎಂದಳು.

ಆಫೀಸರ್ ಎಂಬ ಪದ ಬೋರಮ್ಮನಿಗೆ ಅರ್ಥವಾಯಿತು. ಟೀಚರು ಹಾಲು ಹಾಕುತ್ತಾರಾ, ಸಕ್ಕರೆ ಹಾಕುತ್ತಾರಾ, ಬೆಳಗ್ಗೆ ಕುಡಿಯುವವರಾ ಮಧ್ಯಾಹ್ನವಾ ಎಂದು ಮೊಮ್ಮಗಳನ್ನು ವಿಚಾರಿಸಿ, ಅರ್ಧ ಬೆಲೆಯ ಒಂದು ಬ್ಯಾಗು ಆರಿಸಿದರು. ಫ್ರೀವೇ ಹತ್ತಿದ ಮೇಲೆ ಕೇಳಿದರು.

"ಅವ್ನಿಗ್ಯಾಕವ್ವ ಸುಳ್ಳು ಹೇಳ್ದೆ? ಅವನೇನು ನಮ್ಮ ಬೀಗನಾ?"

ವಾಣಿಶ್ರೀ ಲೇನು ಬದಲಿಸುವ ನೆಪದಲ್ಲಿ ಕನ್ನಡಿ ನೋಡಿದಳು. ಬೋರಮ್ಮ ಮತ್ತೆ ಆ ವಿಷಯ ಎತ್ತಲಿಲ್ಲ, ಅವತ್ತೂ ಇಲ್ಲ, ಆಮೇಲೂ ಇಲ್ಲ. ಮುಂದಿನ ಗುರುವಾರ ಹೆಕ್ಟರನೇ ಕಾರು ತಂದು ಅವರನ್ನು ಕರೆದುಕೊಂಡು ಹೋದ.

*

ಗುರುಪ್ರಸಾದ ಮೈಕಿನ ಮುಂದೆ ನಿಂತು ಓದಲು ಶುರು ಮಾಡಿದರು. ವಾಣಿಶ್ರೀ ಪೆಟ್ಟಿಗೆಯ ಪಕ್ಕ ನಿಂತಿದ್ದಳು. ಬೋರಮ್ಮನಿಗೆ ಹಸಿರು ಇಳಕಲ್ ಸೀರೆ ಉಡಿಸಿ, ಎದೆಯ ಮೇಲೆ ಎರಡು ಕೈ ಜೋಡಿಸಿಟ್ಟಿದ್ದರು. ಕೈ ಏನೋ ಸರಿಯಿಲ್ಲ ಎನ್ನಿಸಿ ಅವಳು ಬಗ್ಗಿ ನೋಡಿದಳು.

ಬಲಗೈ ತೋರುಬೆರಳ ತುದಿಯಲ್ಲಿ ಬೋರಮ್ಮನಿಗೆ ಒಂದು ಜಡ್ಡು ಇತ್ತು. ಗಟ್ಟಿ, ಹೊಳೆಯುವ, ಅಗಲವಾದ ಜಡ್ಡು. ಇಪ್ಪತ್ತೆಂಟು ವರ್ಷ ಬೀಜ ತಳ್ಳಿ ತಳ್ಳಿ ಆದದ್ದು. ವಾಣಿಶ್ರೀ ಚಿಕ್ಕವಳಿದ್ದಾಗ ಜ್ವರ ಬಂದರೆ ಅವಳ ಹಣೆಗೆ ಮೊದಲು ತಾಗುತ್ತಿದ್ದದ್ದು ಅದೇ. ಈಗ ಅದು ಇರಲಿಲ್ಲ. ಫ್ಯೂನರಲ್ ಹೋಮಿನವರು ತಮ್ಮ ಕೆಲಸವೆಂದು ಮಾಡಿದ್ದರು: ಮುಖಕ್ಕೆ ಬಳಿದ ಹಾಗೆಯೇ ಬೆರಳಿಗೂ ಮೈಬಣ್ಣದ ಮೇಕಪ್ಪು ಮೆತ್ತಿ, ಜಡ್ಡು ಕಾಣದಂತೆ ನುಣ್ಣಗೆ ಮಾಡಿಟ್ಟಿದ್ದರು. ಆಫೀಸರಮ್ಮನ ಬೆರಳು.

ವಾಣಿಶ್ರೀಗೆ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಈ ಬಣ್ಣವನ್ನು ಅವರು ಇವತ್ತು ಬಳಿದಿದ್ದರು, ಅವಳು ಇಪ್ಪತ್ತೈದು ವರ್ಷದಿಂದ ಬಳಿಯುತ್ತಿದ್ದಳು. ತನ್ನ ಸೆರಗಿನ ಅಂಚನ್ನು ಪಕ್ಕದಲ್ಲಿಟ್ಟಿದ್ದ ತುಳಸಿ ನೀರಿನಲ್ಲಿ ಅದ್ದಿ ಬೆರಳನ್ನು ಉಜ್ಜಿದಳು. ಒಂದೇ ಸಲಕ್ಕೆ ಹೋಗಲಿಲ್ಲ, ಇನ್ನೊಮ್ಮೆ ಅದ್ದಿ ಉಜ್ಜಿದಳು. ಜಡ್ಡು ಕಂಡಿತು.

"ಹಾಸನದ ಕಾಫಿ ಬೋರ್ಡಿನ ಕ್ವಾಲಿಟಿ ವಿಭಾಗದಲ್ಲಿ ದಕ್ಷ ಅಧಿಕಾರಿಯಾಗಿ..." ಗುರುಪ್ರಸಾದ ಓದುತ್ತಿದ್ದರು.

"ಅಂಕಲ್, ಒಂದ್ನಿಮಿಷ."

ಅವರು ನಿಲ್ಲಿಸಿದರು. ವಾಣಿಶ್ರೀ ಹೋಗಿ ಮೈಕು ಹಿಡಿದಳು. ಒದ್ದೆ ಸೆರಗು ಕೈಯಲ್ಲೇ ಇತ್ತು.

"ಅಂಕಲ್ ಓದ್ತಿರೋದು ನಾನು ಬರ್ಕೊಟ್ಟಿದ್ದು. ಅದು ಸುಳ್ಳು. ನಮ್ಮವ್ವ ಆಫೀಸರ್ ಅಲ್ಲ. ಹಾಸನದಲ್ಲಿ ಕಾಫಿ ಕ್ಯೂರಿಂಗಲ್ಲಿ ಕೂಲಿ ಮಾಡ್ತಿದ್ಲು. ಇಪ್ಪತ್ತೆಂಟು ವರ್ಷ ನೆಲದ ಮೇಲೆ ಕೂತು ಕೆಟ್ಟ ಕಾಳು ಆರಿಸಿದ್ಲು. ನಾನು ಓದಿದ್ದು, ಇಲ್ಲಿಗೆ ಬಂದಿದ್ದು, ನಿಮ್ಮೆದುರು ಹಿಂಗೆ ನಿಂತು ಮಾತಾಡ್ತಿರೋದು, ಎಲ್ಲಾ ಆ ಎರಡು ಬೆರಳಿಂದ." ಅವಳು ಉಸಿರೆಳೆದುಕೊಂಡಳು. "ನಂಗೆ ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿತ್ತು. ಅವ್ಳಿಗೆ ಒಂದಿನಾನೂ ಆಗ್ಲಿಲ್ಲ. ಅವ್ಳು ಆರಿಸಿ ಕಳಿಸಿದ ಚೀಲ ಒಂದೂ ವಾಪಸ್ ಬಂದಿರಲಿಲ್ವಂತೆ, ಅದನ್ನ ಎಷ್ಟು ಸಲ ಹೇಳೋಳು. ನಾನು ಕೇಳಿಸ್ಕೊಂಡಿರಲಿಲ್ಲ. ನಂಗೆ ಹೆಮ್ಮೆ ಅಂತ ಹೇಳೋದು ಲೇಟಾಯ್ತು. ಆದ್ರೂ ಹೇಳ್ತಿದೀನಿ."

ಹಿಂದಿನ ಸಾಲಿನಲ್ಲಿ ನಿಸರ್ಗಾ ಅದನ್ನು ಹೆಕ್ಟರನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಿದ್ದಳು. ಗುರುಪ್ರಸಾದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.

ಯತೀಶ ಮುಂದಿನ ಸಾಲಿನಿಂದ ಎದ್ದು ಬಂದ. ಮೆಲ್ಲಗೆ ಕೇಳಿದರೂ ಎಲ್ಲರಿಗೂ ಕೇಳಿಸಿತು.

"ನಂಗೂ ಹೇಳ್ಲಿಲ್ವಲ್ಲ ವಾಣಿ."

ಅಷ್ಟರಲ್ಲಿ ಅವನ ಹಿಂದಿನಿಂದ ತಾಯಿ ಜಯಂತಿಯವರ ದನಿ ಬಂತು. ಗಂಡ ತೀರಿಕೊಂಡ ಮೇಲೆ ಅವರು ಇಲ್ಲೇ ಹತ್ತಿರದ ಲಾಸ್ ಆಲ್ಟೋಸಿನಲ್ಲಿ ಹಿರಿಯ ಮಗನ ಮನೆಯಲ್ಲಿದ್ದರು. ಕೋಲೂರಿ ಎದ್ದು ನಿಂತಿದ್ದರು.

"ಅವಳನ್ನು ಕೇಳ್ಬೇಡ ಮಗ. ನಾನೂ ನಿನಗೆ ಹೇಳದ್ದು ಒಂದುಂಟು."

ಅವರು ಪೆಟ್ಟಿಗೆಯ ಹತ್ತಿರ ಬಂದು ಬೋರಮ್ಮನ ಬೆರಳನ್ನು ಮುಟ್ಟಿದರು.

"ಹಾಸನದಲ್ಲಿ ಇವರು ಕ್ವಾಲಿಟಿ ಸೆಕ್ಷನ್ನು ಅಂದಾಗಲೇ ನಾನು ಈ ಬೆರಳು ನೋಡಿದ್ದೆ ಮಾರಾಯ. ಆಫೀಸಿನವರ ಬೆರಳು ಹೀಗಿರುದಿಲ್ಲ. ನಂಗೆ ಹೇಗೆ ಗೊತ್ತು ಕೇಳು. ಮದುವೆ ಆಗುವವರೆಗೆ ಬೀಡಿ ಕಟ್ಟಿದವಳು ನಾನು. ದಿನಕ್ಕೆ ಎಂಟುನೂರು, ಸಾವಿರ. ನಿಮ್ಮ ಅಪ್ಪನಿಗೆ ಬ್ಯಾಂಕಿನವರ ಎದುರು ಅದನ್ನು ಹೇಳ್ಲಿಕ್ಕೆ ಆಗ್ಲಿಲ್ಲ. ನಾನೂ ಸುಮ್ಮನೆ ಕೂತೆ, ಮಕ್ಕಳಿಗೂ ಹೇಳ್ಲಿಲ್ಲ."

ಯತೀಶ ತಾಯಿಯ ಕೈಯನ್ನೇ ನೋಡುತ್ತ ನಿಂತ, ಇದೇ ಮೊದಲ ಸಲ ನೋಡುತ್ತಿರುವವನ ಹಾಗೆ.

"ನಮ್ಮವ್ವನಿಗೆ ಇದು ಗೊತ್ತಿತ್ತಾ ಅತ್ತೆ?" ಎಂದಳು ವಾಣಿಶ್ರೀ.

"ಮತ್ತೆ? ಲಾಸ್ ಆಲ್ಟೋಸಿಗೆ ಮೊದಲ ಸಲ ಬರುವಾಗ ಒಂದು ಕಾಫಿ ಬ್ಯಾಗು ಗಿಫ್ಟ್ ಹಿಡ್ಕೊಂಡು ಬಂದಿದ್ರಲ್ಲ. ನೀವೆಲ್ಲ ಟಿವಿ ನೋಡುವಾಗ ಅಡುಗೆಮನೆಯಲ್ಲಿ ತಟ್ಟೆಗೆ ಸುರಿದು ಆರಿಸ್ಲಿಕ್ಕೆ ಕೂತ್ರು. ನಾನೂ ಕೈ ಹಾಕಿದೆ. ನನ್ನ ಬೆರಳು ಓಡುವುದು ನೋಡಿ ಕೇಳಿದ್ರು, 'ಬೀಗ್ತೇರೇ, ತಾವು ಯಾವ ಸೆಕ್ಷನ್ನು?' ಅಂತ."

ಸಾವಿನ ಮನೆಯಲ್ಲಿ ನಗಬಾರದು ಎಂಬುದು ಎಲ್ಲರಿಗೂ ಗೊತ್ತು. ಆದರೂ ಹಾಲಿನ ತುಂಬ ನಗು ಎದ್ದಿತು. ವಾಣಿಶ್ರೀಯೂ ನಕ್ಕಳು, ನಗುತ್ತಲೇ ಅವತ್ತು ಮೊದಲ ಸಲ ಬಿಕ್ಕಿ ಅತ್ತಳು.

"ನಿನಗೆ ಹೇಳ್ಬಾರದು ಅಂತ ಅವರೇ ಅಂದದ್ದು," ಎಂದರು ಜಯಂತಿ, ಅವಳ ಬೆನ್ನು ಸವರುತ್ತ. "ಮಗಳು ತಾನಾಗಿ ಹೇಳ್ತಾಳೆ ಬೀಗ್ತೇರೇ, ಅಲ್ಲೀಗಂಟ ಕಾಯೋಣ ಅಂತ. ಕಾದದ್ದು ಪಾಪ."

ಹನ್ನೆರಡೂವರೆಯಾಗಿತ್ತು. ಪೆಟ್ಟಿಗೆ ಮುಚ್ಚುವ ಮೊದಲು ಬಾಯಿಗೆ ಅಕ್ಕಿ ಹಾಕುವ ಶಾಸ್ತ್ರ. ಸ್ಟೀಲ್ ತಟ್ಟೆಯಲ್ಲಿ ಗ್ರೋಸರಿಯ ಸೋನಾ ಮಸೂರಿ ಹಾಕಿಟ್ಟಿದ್ದರು. ವಾಣಿಶ್ರೀ ಮೊದಲು ಹೋಗಿ ಒಂದು ಚಿಟಿಕೆ ತೆಗೆದುಕೊಂಡಳು. ತಾಯಿಯ ಮುಖದ ಮೇಲೆ ಬಗ್ಗಿದವಳು ತಡೆದಳು. ಅಂಗೈ ಬಿಡಿಸಿ ಅಕ್ಕಿಯನ್ನು ಹರವಿದಳು. ಒಂದು ನುಚ್ಚು ಕಂಡಿತು, ಅದನ್ನು ತೋರುಬೆರಳಿನಿಂದ ಅಂಚಿಗೆ ತಳ್ಳಿದಳು. ಒಂದು ಕಪ್ಪು ಕಾಳು, ಅದನ್ನೂ ತಳ್ಳಿದಳು. ಉಳಿದ ಇಡೀ ಕಾಳುಗಳನ್ನು ಮಾತ್ರ ತಾಯಿಯ ಬಾಯಿಗೆ ಹಾಕಿದಳು.

ಅವಳ ಹಿಂದಿದ್ದ ಜಯಂತಿ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಂಗೈಯ ಅಕ್ಕಿಯ ಮೇಲೆ ಬೆರಳಾಡಿಸಿದರು. ಅವರ ಹಿಂದೆ ನಿಸರ್ಗಾ, ಅವಳ ಹಿಂದೆ ಯತೀಶ, ಮಂಜುನಾಥ, ಕುಬೇರಪ್ಪ, ಹೆಕ್ಟರ್. ಫ್ಯೂನರಲ್ ಹೋಮಿನ ಕೋಟಿನ ಮನುಷ್ಯ ಬಾಗಿಲಲ್ಲಿ ನಿಂತು ಎರಡು ಸಲ ವಾಚು ನೋಡಿಕೊಂಡ. ಸಾಲು ಮುಂದೆ ಸರಿಯುತ್ತಲೇ ಇರಲಿಲ್ಲ. ಅಷ್ಟೂ ಜನ ತಲೆ ಬಗ್ಗಿಸಿ, ತಮ್ಮ ತಮ್ಮ ಅಂಗೈ ನೋಡುತ್ತ, ಒಡೆದ ಕಾಳು ಆರಿಸುತ್ತಿದ್ದರು.